ಉಂಡ ಮನೆಯ ಜಂತೆ

ನನ್ನ ಅಜ್ಜಿ ಬದುಕಿರುವ ತನಕ ಹೋಟೆಲಿನ ಅನ್ನ ಮುಟ್ಟಲಿಲ್ಲ. ಮಡಿಯ ಕಾರಣದಿಂದ ಎಂದು ನಾವೆಲ್ಲ ತಿಳಿದಿದ್ದೆವು, ಅದೂ ಇತ್ತೆನ್ನಿ. ಆದರೆ ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಕೇಳಿದ್ದಕ್ಕೆ ಆಕೆ ಕೊಟ್ಟ ಉತ್ತರವೇ ಬೇರೆ. "ದುಡ್ಡು ಕೊಟ್ಟು ಉಂಡರೆ ಯಾರ ಋಣದಲ್ಲಿದ್ದೀನಿ ಅಂತ ಗೊತ್ತಾಗೋದಿಲ್ಲ, ಮಗ." ಅನ್ನವನ್ನು ಮಾರುವುದು ಪಾಪವೆಂದು ನಂಬಿದ್ದ ತಲೆಮಾರು ಅದು. ಕೊಂಡು ತಿನ್ನುವವನಿಗೂ ಆ ಪಾಪದಲ್ಲಿ ಪಾಲುಂಟೆಂದು ಆಕೆಯ ಲೆಕ್ಕ.

ನಾನು ಆಗ ನಕ್ಕಿದ್ದೆ. ಈಗಲೂ ಆ ಮಾತನ್ನು ಪೂರ್ತಿ ಒಪ್ಪುವವನಲ್ಲ. ಹೋಟೆಲು ನಮ್ಮ ಸಮಾಜಕ್ಕೆ ಮಾಡಿದ ಉಪಕಾರ ಸಣ್ಣದೇನೂ ಅಲ್ಲ. ಮೊದಮೊದಲು ಅಲ್ಲಿಯೂ ಬ್ರಾಹ್ಮಣರಿಗೆ ಬೇರೆ ಕೋಣೆ, ಉಳಿದವರಿಗೆ ಬೇರೆ ಕೋಣೆ ಇತ್ತು ನಿಜ. ಕಡೆಗೆ ಆ ಗೋಡೆಯೂ ಬಿತ್ತು. ಕಾಸು ಕೊಟ್ಟವನಿಗೆಲ್ಲ ಒಂದೇ ಬೆಂಚು, ಒಂದೇ ಲೋಟ. ದಾನದ ಊಟದಲ್ಲಿ ಉಣ್ಣುವವನ ತಲೆ ತಗ್ಗುತ್ತದೆ. ಬಿಲ್ಲು ಕೊಟ್ಟವನ ತಲೆ ನೆಟ್ಟಗಿರುತ್ತದೆ. ಋಣವನ್ನು ಉಳಿಸದಿರುವುದೇ ಹೋಟೆಲಿನ ದೊಡ್ಡ ಗುಣವೆಂದು ನಾನು ಬಹಳ ವರ್ಷ ನಂಬಿದ್ದೆ. ಕಳೆದ ಚಳಿಗಾಲದಲ್ಲಿ ಕಲ್ಕತ್ತೆಯಲ್ಲಿ ಆ ನಂಬಿಕೆ ಸ್ವಲ್ಪ ಅಲುಗಿತು. (ಊರಿನ ಹೆಸರು ಬದಲಾಗಿದ್ದರೂ ನನ್ನ ಬಾಯಿಗೆ ಕಲ್ಕತ್ತೆಯೇ ಬರುತ್ತದೆ, ಓದುಗರು ಕ್ಷಮಿಸಬೇಕು.)

ಭಾಷಾಂತರವನ್ನು ಕುರಿತ ಒಂದು ಗೋಷ್ಠಿಗೆ ಹೋಗಿದ್ದೆ. ಅಲ್ಲಿ ಬ್ಯಾಂಕಿನಲ್ಲಿರುವ ನನ್ನ ಸ್ನೇಹಿತರೊಬ್ಬರು ಹುಬ್ಬಳ್ಳಿಯವರು, ಭೋಜನಪ್ರಿಯರು. ಗೋಷ್ಠಿ ಮುಗಿದ ಮರುದಿನ ಭಾನುವಾರ; ನಸುಕಿನಲ್ಲಿಯೇ ನನ್ನನ್ನು ಎಬ್ಬಿಸಿ ಟಿರೆಟ್ಟಾ ಬಜಾರಿಗೆ ಕರೆದುಕೊಂಡು ಹೋದರು. ನಗರದ ನಡುಮಧ್ಯದ ಹಳೆಯ ಚೀನೀ ಕೇರಿ ಅದು. ಬೀದಿಬದಿಯಲ್ಲಿ ಹಬೆಯಾಡುವ ಪಾತ್ರೆಗಳನ್ನಿಟ್ಟುಕೊಂಡು ಕೆಲವು ಮುದುಕಿಯರು ಕಡುಬಿನಂಥ ತಿಂಡಿಗಳನ್ನೂ ಮೀನಿನ ಉಂಡೆಯ ಸಾರನ್ನೂ ಮಾರುತ್ತಿದ್ದರು. ಬಿಸಿಲೇರುವ ಹೊತ್ತಿಗೆ ಎಲ್ಲವೂ ಖಾಲಿ. ನಾನು ಮಾಂಸ ತಿನ್ನುವವನಲ್ಲವಾದ್ದರಿಂದ ನೋಡಿದ್ದೇ ಹೆಚ್ಚು, ತಿಂದದ್ದು ಕಡಮೆ. "ರಾತ್ರಿ ಟ್ಯಾಂಗ್ರಾಕ್ಕ ಹೋಗೂಣು, ಅಲ್ಲಿ ನಿಮಗೂ ಸಿಗತೈತಿ ಮಾಸ್ತರ" ಎಂದರು ಸ್ನೇಹಿತರು.

ಟ್ಯಾಂಗ್ರಾ ಊರಿನ ಪೂರ್ವಕ್ಕಿದೆ. ಇಕ್ಕಟ್ಟಾದ ಓಣಿ, ಎರಡು ಕಡೆಯೂ ಕೋಟೆಯಂಥ ಗೋಡೆ, ಚರಂಡಿಯ ವಾಸನೆ. ಅದರ ನಡುವೆ ಒಮ್ಮೆಲೇ ಕೆಂಪು ದೀಪಗಳು, ಚೀನೀ ಅಕ್ಷರದ ಹಲಗೆಗಳು. ಅಲ್ಲೊಂದು ಕಾಳೀಗುಡಿಯಿದೆ. ಚೀನೀಯರೇ ನಡೆಸುವ ಗುಡಿ. ದೇವಿಗೆ ನೂಡಲ್ಸಿನ ನೈವೇದ್ಯವೂ ಆಗುತ್ತದೆ. ನಾವು ಹೊಕ್ಕ ಹೋಟೆಲಿನ ಅಂಗಳ ಅಷ್ಟು ದೊಡ್ಡದಿಲ್ಲದಿದ್ದರೂ ಚಾವಣಿ ಮಾತ್ರ ವಿಪರೀತ ಎತ್ತರ. ಹೋಟೆಲಿಗೆ ಇಷ್ಟು ಎತ್ತರವೇಕೆ ಎಂದು ಮೇಲಿನ ದಪ್ಪ ತೊಲೆಗಳನ್ನು ಎಣಿಸುತ್ತ ಕುಳಿತಿದ್ದೆ. ಅದು ಮೊದಲು ಚರ್ಮ ಹದಮಾಡುವ ಕಾರ್ಖಾನೆಯಾಗಿತ್ತು ಎಂದು ಸ್ನೇಹಿತರು ಹೇಳಿದರು.

ಈ ಜನರ ಕಥೆಯನ್ನು ಸ್ವಲ್ಪ ಹೇಳಬೇಕು. ನಾವು ಚೀನೀಯರು ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಕಟ್ಟಿಬಿಡುತ್ತೇವೆ, ಉತ್ತರದವರು ನಮ್ಮನ್ನೆಲ್ಲ 'ಮದ್ರಾಸಿ' ಎಂದ ಹಾಗೆ. ವಾರನ್ ಹೇಸ್ಟಿಂಗ್ಸನ ಕಾಲದಲ್ಲಿ ಒಬ್ಬ ಚೀನೀ ವರ್ತಕ ಹೂಗ್ಲಿ ನದಿಯ ದಡದಲ್ಲಿ ಜಮೀನು ಪಡೆದು ಸಕ್ಕರೆ ಕಾರ್ಖಾನೆ ಹಾಕಿದ. ಆತನ ಹೆಸರಿನಿಂದಲೇ ಆ ಊರು ಅಚಿಪುರವಾಯಿತು. ಆಮೇಲೆ ಬಂದವರು ಒಂದೊಂದು ಪ್ರಾಂತದವರು ಒಂದೊಂದು ಕಸಬು ಹಿಡಿದರು. ಕ್ಯಾಂಟನ್ ಕಡೆಯವರು ಬಡಗಿಗಳು, ಹುಬೆಯ್ ಪ್ರಾಂತದವರು ಹಲ್ಲಿನ ವೈದ್ಯರು, ಶಾಂಡಾಂಗಿನವರು ರೇಷ್ಮೆ ಮಾರುವವರು. ಚರ್ಮ, ಪಾದರಕ್ಷೆ ಇವೆರಡನ್ನೂ ಹಿಡಿದವರು ಹಕ್ಕಾ ಜನ. ನಮ್ಮವರು ಚರ್ಮದ ಕೆಲಸವನ್ನು ಮೈಲಿಗೆಯೆಂದು ದೂರವಿಟ್ಟದ್ದರಿಂದಲೇ ಅವರಿಗೆ ಅಲ್ಲಿ ಎಡೆ ಸಿಕ್ಕಿತು ಎಂಬುದನ್ನು ಮರೆಯಬಾರದು. 1996ರಲ್ಲಿ ಸುಪ್ರೀಂ ಕೋರ್ಟು ಮಾಲಿನ್ಯದ ಕಾರಣದಿಂದ ಈ ಕಾರ್ಖಾನೆಗಳನ್ನು ಊರ ಹೊರಕ್ಕೆ ಸಾಗಿಸಬೇಕೆಂದು ತೀರ್ಪಿತ್ತಿತು. ಅನೇಕರು ಚರ್ಮವನ್ನು ಬಿಟ್ಟು ಬಾಣಲೆ ಹಿಡಿದರು. ಮೂಗು ಮುಚ್ಚಿಕೊಂಡು ದಾಟುತ್ತಿದ್ದ ಕಟ್ಟಡಗಳಿಗೇ ಈಗ ಊರಿನ ಜನ ಕಾರು ಮಾಡಿಕೊಂಡು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ಹಕ್ಕಾ ಎಂಬುದರ ಅರ್ಥ ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ತಟ್ಟೆಯ ಕಡೆ ನೋಡುವುದೇ ಬೇರೆಯಾಯಿತು. ಚೀನದ ಉತ್ತರದಿಂದ ದಕ್ಷಿಣದ ಗುಡ್ಡಗಳಿಗೆ ಬಂದು ನೆಲಸಿದ ಜನ ಇವರು; ಅಲ್ಲಿನವರು ಇವರನ್ನು ಕರೆದದ್ದು 'ಅತಿಥಿ ಮನೆತನದವರು' ಎಂದು. ನೂರಾರು ವರ್ಷ ಕಳೆದರೂ ಹೆಸರು ಹಾಗೆಯೇ ಉಳಿಯಿತು. ಅತಿಥಿ ಎಂಬುದು ನಮ್ಮಲ್ಲಿ ಗೌರವದ ಮಾತು. ಆದರೆ ಯಾವನನ್ನಾದರೂ ಮೂರು ತಲೆಮಾರು ಅತಿಥಿ ಎಂದೇ ಕರೆದರೆ ಆ ಮಾತಿನೊಳಗೆ 'ಎದ್ದು ಹೋಗುವುದು ಯಾವಾಗ?' ಎಂಬ ಪ್ರಶ್ನೆಯೂ ಅಡಗಿರುತ್ತದೆ.

ಸ್ನೇಹಿತರು ಸಿಗಡಿ ತರಿಸಿದರು. ನನಗೆ ಹಕ್ಕಾ ನೂಡಲ್ಸು, ಹಸಿಮೆಣಸಿನಕಾಯಿಯಲ್ಲಿ ಹುರಿದ ಹೂಕೋಸು. ಬಾಯಿ ಉರಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಯಜಮಾನರು ಎಪ್ಪತ್ತರ ಸಮೀಪದವರು. ಗಲ್ಲಾಪೆಟ್ಟಿಗೆಯಿಂದ ಎದ್ದು ಬಂದು ಬಂಗಾಳಿ ಬೆರೆತ ಹಿಂದಿಯಲ್ಲಿ ಊಟ ಹೇಗಿದೆಯೆಂದು ವಿಚಾರಿಸಿದರು. ನಾನು ಮೇಷ್ಟರ ಚಾಳಿ ಬಿಡದೆ, "ಇದು ನಿಜವಾದ ಚೀನೀ ಊಟವೇ?" ಎಂದು ಕೇಳಿಬಿಟ್ಟೆ.

ಅವರು ಬೇಸರಪಡಲಿಲ್ಲ. "ಇದು ನಿಮ್ಮ ಊಟ ಸಾಹೇಬರೆ. ನಮ್ಮದು ಒಳಗೆ ಇದೆ" ಎಂದು ನಕ್ಕು, ಹುಡುಗನಿಗೆ ಏನನ್ನೋ ಹೇಳಿದರು. ಸ್ವಲ್ಪ ಹೊತ್ತಿಗೆ ಒಂದು ಪುಟ್ಟ ಬಟ್ಟಲು ಬಂತು. ಉಪ್ಪು ಹಾಕಿ ಒಣಗಿಸಿದ ಸಾಸುವೆ ಸೊಪ್ಪು. ಸಾಮಾನ್ಯವಾಗಿ ಹಂದಿಮಾಂಸದೊಡನೆ ಬೇಯಿಸುವ ಅದನ್ನು ನನಗಾಗಿ ಸೋಯಾ ಮೊಸರಿನ ಗಟ್ಟಿಯೊಡನೆ ಬೇಯಿಸಿದ್ದರು. ಕಪ್ಪಗೆ, ಮೆತ್ತಗೆ, ಖಾರದ ಸುಳಿವಿಲ್ಲದೆ ಇತ್ತು. ನಿಜ ಹೇಳುತ್ತೇನೆ, ನನಗೆ ಹಿಡಿಸಲಿಲ್ಲ. ಹಳೆಯ ಗೋಣಿಚೀಲವನ್ನು ಬಿಚ್ಚಿದಂಥ ವಾಸನೆ. ಆದರೂ ಬಟ್ಟಲನ್ನು ಖಾಲಿ ಮಾಡಿದೆ.

ನಿಜವಾದ ರುಚಿ ಬೇಕೆಂದು ಹಟ ಹಿಡಿಯುವ ನಾವು ನಿಜವಾದದ್ದು ಎದುರಿಗೆ ಬಂದರೆ ಮುಖ ಸಿಂಡರಿಸುತ್ತೇವೆ. ಶೆಜ್ವಾನ್ ಎಂದು ನಾವು ಚಪ್ಪರಿಸುವ ಕೆಂಪು ಚಟ್ನಿಯಲ್ಲಿ ಇರುವುದು ಒಣಮೆಣಸಿನಕಾಯಿ, ಬೆಳ್ಳುಳ್ಳಿ. ಸಿಚುವಾನ್ ಪ್ರಾಂತದ ಅಡಿಗೆಯ ಜೀವವಾದ, ನಾಲಗೆಯನ್ನು ಜುಮ್ಮೆನಿಸುವ ಕಾಳು ಅದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಅದರ ಹತ್ತಿರದ ನೆಂಟ ನಮ್ಮ ಕರಾವಳಿಯ ಕೊಂಕಣಿಗರ ಅಡಿಗೆಮನೆಯಲ್ಲಿ ತೆಪ್ಪಳವೆಂಬ ಹೆಸರಿನಲ್ಲಿ ಕೂತಿದೆ. ಆದರೆ ಇದು ಪಾಕಶಾಸ್ತ್ರದ ಮಾತಾಯಿತು. ನನ್ನನ್ನು ಕಾಡಿದ್ದು ಬೇರೆ: ಆ ಮನುಷ್ಯ ನಮ್ಮ ನಾಲಗೆಯನ್ನು ಅಷ್ಟು ಚೆನ್ನಾಗಿ ಕಲಿತಿದ್ದಾನೆ, ಅವನ ಬಗ್ಗೆ ನಾವು ಕಲಿತದ್ದೇನು?

ಸಂಸಾರದ ವಿಷಯ ಕೇಳಿದೆ. ತಮ್ಮಂದಿರು ಟೊರಾಂಟೋದಲ್ಲಿದ್ದಾರಂತೆ. ಅಲ್ಲಿಯೂ ಹೋಟೆಲು, ಅಲ್ಲಿಯೂ ಚಿಲ್ಲಿ ಚಿಕನ್. ಹುಡುಕಿಕೊಂಡು ಬಂದು ತಿನ್ನುವವರು ಅಲ್ಲಿ ನೆಲಸಿದ ಭಾರತೀಯರು. ಏಕೆ ಹೋದರು ಎಂದೆ. "ಸಿಕ್ಸ್‌ಟಿ ಟೂ" ಎಂದು ಒಂದೇ ಮಾತು ಹೇಳಿ, ತಮ್ಮ ತಂದೆ ಪೋಲೀಸು ಠಾಣೆಗೆ ಹೋಗಿ ಹೋಗಿ ಸಹಿ ಹಾಕಿ ಬರಬೇಕಾಗಿತ್ತೆಂದೂ, ಅಪ್ಪಣೆಯಿಲ್ಲದೆ ಊರು ಬಿಡುವಂತಿರಲಿಲ್ಲವೆಂದೂ ಸೇರಿಸಿದರು. ಅಷ್ಟರಲ್ಲಿ ಯಾರೋ ಗಿರಾಕಿಗಳು ಬಂದರು, ಎದ್ದು ಹೋದರು.

1962ರ ಯುದ್ಧದ ವಿಷಯ ನಮಗೆಲ್ಲ ಗೊತ್ತು. ಅದರ ಬೆನ್ನಿಗೆ ನಡೆದದ್ದು ಪಠ್ಯಪುಸ್ತಕಗಳಲ್ಲಿಲ್ಲ. ಅಸ್ಸಾಮು, ಷಿಲ್ಲಾಂಗು, ಡಾರ್ಜಿಲಿಂಗು ಮುಂತಾದೆಡೆಗಳಿಂದ ಸುಮಾರು 3,000 ಚೀನೀ ಮೂಲದವರನ್ನು ಹಿಡಿದು ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಳಿ ಎಂಬಲ್ಲಿನ ಶಿಬಿರಕ್ಕೆ ಸಾಗಿಸಲಾಯಿತು. ಮುದುಕರು, ಹಸುಗೂಸುಗಳು, ಇಲ್ಲಿಯೇ ಹುಟ್ಟಿ ಇಲ್ಲಿಯ ಭಾಷೆಯನ್ನಷ್ಟೇ ಬಲ್ಲವರು ಎಲ್ಲರೂ ಅವರಲ್ಲಿದ್ದರು. ಯುದ್ಧ ಒಂದು ತಿಂಗಳಿಗೆ ಮುಗಿದರೂ ಕೊನೆಯವರು ಹೊರಗೆ ಬಂದದ್ದು 1967ರಲ್ಲಿ. ಕೆಲವರನ್ನು ಹಡಗು ಹತ್ತಿಸಿ ಅವರು ಕಂಡರಿಯದ ಚೀನಕ್ಕೆ ಕಳುಹಿಸಿದರು. ಬಿಡುಗಡೆಯಾಗಿ ಬಂದವರಲ್ಲಿ ಹಲವರ ಮನೆ, ಅಂಗಡಿಗಳು ಬೇರೆಯವರ ಪಾಲಾಗಿದ್ದವು. ಅಸ್ಸಾಮೀ ಲೇಖಕಿ ರೀತಾ ಚೌಧುರಿ 'ಮಾಕಾಮ್' ಎಂಬ ಕಾದಂಬರಿ ಬರೆದು ಈ ವಿಷಯವನ್ನು ಎತ್ತಿದ್ದು 2010ರಲ್ಲಿ, ಸುಮಾರು ಅರ್ಧ ಶತಮಾನದ ಮೇಲೆ.

ಟ್ಯಾಕ್ಸಿಯಲ್ಲಿ ಹಿಂದಿರುಗುವಾಗ ನಾನು ಅಜ್ಜಿಯ ಮಾತನ್ನು ಎತ್ತಿದೆ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂಬ ನೀತಿ ನಮ್ಮದು. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆಯೂ ನಮ್ಮದೇ. ಬಿಲ್ಲು ಕೊಟ್ಟೊಡನೆ ಈ ನೀತಿ ಮುಗಿದುಹೋಗುತ್ತದೆಯೆ?

ಸ್ನೇಹಿತರು ಬಗ್ಗಲಿಲ್ಲ. "ರೊಕ್ಕಾ ಕೊಟ್ಟೀವಿ, ಉಂಡೀವಿ. ಇದರಾಗ ಋಣ ಎಲ್ಲಿ ಬಂತ್ರೀ ಮಾಸ್ತರ? ಅವರ ನೂಡಲ್ಸ್ ರುಚಿ ಇಲ್ಲಂದ್ರ ಅವರನ್ನ ಜೇಲಿಗೆ ಹಾಕಬಹುದೇನು? ಒಬ್ಬಾತನ್ನ ಅನ್ಯಾಯದಿಂದ ಉಳಸಾಕ ಕಾಯ್ದೆ ಇರಬೇಕು, ನಾಲಿಗಿ ಅಲ್ಲ."

ಈ ಮಾತಿಗೆ ನಾನು ಆ ರಾತ್ರಿ ಉತ್ತರ ಕೊಡಲಾರದೆ ಹೋದೆ. ಅದು ಸರಿಯಾದ ಮಾತು. ಅಡಿಗೆ ಬಾರದವನಿಗೂ, ನಮಗೆ ಏನನ್ನೂ ಕೊಡದವನಿಗೂ ನ್ಯಾಯ ಸಲ್ಲಬೇಕು. ಅನ್ನದ ಋಣವನ್ನು ಅದಕ್ಕೆ ಅಡಿಗಲ್ಲಾಗಿ ಇಟ್ಟರೆ ಅದು ಬಲು ಸಡಿಲವಾದ ಕಲ್ಲು. ಸಡಿಲವೆಂಬುದಕ್ಕೆ ಸಾಕ್ಷಿಯನ್ನು ದೂರ ಹುಡುಕಬೇಕಾಗಿಲ್ಲ. ಮುಂಬಯಿಯಲ್ಲಿ 1960ರ ದಶಕದ ಕೊನೆಯಲ್ಲಿ ದಕ್ಷಿಣದವರ ವಿರುದ್ಧ ಚಳವಳಿ ಎದ್ದಾಗ ಕಲ್ಲು ಬಿದ್ದದ್ದು ನಮ್ಮ ಉಡುಪಿಯವರ ಹೋಟೆಲುಗಳ ಮೇಲೂ ಹೌದು. ಎಸೆದ ಕೈಗಳಲ್ಲಿ ಬೆಳಗ್ಗೆ ಅಲ್ಲಿಯೇ ಇಡ್ಲಿ ಮುರಿದ ಕೈ ಒಂದೂ ಇರಲಿಲ್ಲವೆಂದು ಹೇಳಬಲ್ಲೆವೆ?

ಆದರೆ 1962ರಲ್ಲಿ ಆ ಜನರನ್ನು ಹಿಡಿದದ್ದೂ ಕಾಯಿದೆಯೇ ತಾನೆ? ಸುಗ್ರೀವಾಜ್ಞೆ ಹೊರಟಿತ್ತು, ಕಾಗದಪತ್ರಗಳೆಲ್ಲ ಕ್ರಮವಾಗಿದ್ದವು. ಕಾಯಿದೆಯೇ ಬಾಗಿಲು ತಟ್ಟಿದಾಗ ಪಕ್ಕದ ಮನೆಯವನು ಹೊರಗೆ ಬಂದು 'ಇವನನ್ನು ನಾನು ಬಲ್ಲೆ' ಎನ್ನಬೇಕಾಗುತ್ತದೆ. ಅಷ್ಟು ಹೇಳುವುದಕ್ಕೆ ಬಲ್ಲವನಾಗಿರಬೇಕು. ಎಷ್ಟೋ ಸಲ ಅವನ ಕೈಯಡಿಗೆ ಉಂಡಿದ್ದರೂ ನಾನು ಬಲ್ಲೆನೆಂದು ಹೇಳಲಾರದಂತೆ ನನ್ನನ್ನು ಮಾಡಿದ್ದು ಆ ಬಿಲ್ಲೇ. ಅದು ಋಣದ ಜೊತೆಗೆ ಪರಿಚಯವನ್ನೂ ಹರಿದುಹಾಕುತ್ತದೆ. ಅಜ್ಜಿ ಹೇಳಿದ್ದು ಇದನ್ನೇ ಇರಬಹುದು.

ಇದನ್ನು ನಾನು ಬೇರೆಯವರನ್ನು ದೂರುವುದಕ್ಕೆ ಬರೆಯುತ್ತಿಲ್ಲ. 2020ರ ಜೂನ್ ತಿಂಗಳಲ್ಲಿ ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಮಡಿದಾಗ, ಕೇಂದ್ರದ ಸಚಿವರೊಬ್ಬರು ಚೀನೀ ತಿಂಡಿ ಮಾರುವ ಹೋಟೆಲುಗಳನ್ನು ಮುಚ್ಚಬೇಕೆಂದರು. ಸಹೋದ್ಯೋಗಿಯೊಬ್ಬರು ಫೋನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ಹೋಟೆಲು ಮಾತ್ರ ಏಕೆ, ಆ ಮುಖದವರನ್ನೆಲ್ಲ ಮೂಟೆ ಕಟ್ಟಿ ಕಳುಹಿಸಬೇಕು" ಎಂದರು. ನಮ್ಮ ಕಾಲೇಜಿನ ಎದುರಿಗೆ ಗಾಡಿಯಲ್ಲಿ ಗೋಬಿ ಮಂಚೂರಿ ಮಾಡುವ ಹುಡುಗ ಮದ್ದೂರಿನವನು; ಅವನನ್ನು ಎಲ್ಲಿಗೆ ಕಳುಹಿಸುವುದು ಎಂದು ನಾನು ತಮಾಷೆ ಮಾಡಿ ನಕ್ಕೆ. ಅವರೂ ನಕ್ಕರು. ಆ ಮಾತಿಗೆ ನಾನು ಕೊಟ್ಟ ಉತ್ತರ ಅಷ್ಟೆ. 'ಆ ಮುಖದವರು' ಎಂದರೆ ಯಾರೆಂದು ನಾನು ಕೇಳಲಿಲ್ಲ. ನನಗೆ ಅಂಥವರು ಒಬ್ಬರೂ ಗೊತ್ತಿರಲಿಲ್ಲ.

ಟ್ಯಾಂಗ್ರಾದಲ್ಲಿ ಬಿಲ್ಲು ತರಿಸಿದಾಗ ನೋಡಿದೆ: ಸೊಪ್ಪಿನ ಬಟ್ಟಲಿನ ಲೆಕ್ಕ ಅದರಲ್ಲಿರಲಿಲ್ಲ. ಗಲ್ಲಾಪೆಟ್ಟಿಗೆಯ ಹತ್ತಿರ ಹೋಗಿ ತೋರಿಸಿದೆ. ಯಜಮಾನರು ಫೋನಿನಲ್ಲಿ ಮಾತನಾಡುತ್ತಿದ್ದರು. ಬಿಲ್ಲನ್ನು ಒಮ್ಮೆ ನೋಡಿ, ಇರಲಿ ಎಂಬಂತೆ ಕೈಯಾಡಿಸಿ, ಚಿಲ್ಲರೆ ಎಣಿಸಿ ಕೊಟ್ಟರು. ಆ ಸಂಗತಿಯನ್ನು ಟ್ಯಾಕ್ಸಿಯಲ್ಲಿ ಸ್ನೇಹಿತರಿಗೆ ಹೇಳಿದೆ.

"ಗದ್ದಲದಾಗ ಬರಕೊಳ್ಳೂದು ಮರತಿರಬೇಕು ಬಿಡ್ರಿ" ಎಂದರು ಅವರು.