ಸರಪಳಿಯ ಋಣ

ಮನೆಯ ನಾಯಿಯನ್ನು ಕಾಡುಪ್ರಾಣಿಯೊಂದು ಹೊತ್ತೊಯ್ದರೆ ತಪ್ಪು ಯಾರದು? ಚಿರತೆಯದು ಎಂದು ಒಬ್ಬರು ಹೇಳಿಯಾರು. ಅರಣ್ಯ ಇಲಾಖೆಯದು ಎಂದು ಇನ್ನೊಬ್ಬರು. ನಾಯಿಯ ಹಣೆಬರಹ ಎಂದು ಮೂರನೆಯವರು. ಈ ಮೂರು ಉತ್ತರಗಳಿಗೂ ಸಮಾನವಾದ ಒಂದು ಗುಣವುಂಟು: ಯಾವುದರಲ್ಲಿಯೂ ಉತ್ತರ ಹೇಳುವವನ ಹೆಸರು ಬರುವುದಿಲ್ಲ. ನಮ್ಮ ಹೆಸರು ಇಷ್ಟು ಸುಲಭವಾಗಿ ತಪ್ಪಿಹೋಗುವ ಕಡೆಯಲ್ಲಿ ತುಸು ನಿಂತು ನೋಡುವುದು ಒಳ್ಳೆಯದು.

ಬೆಳಗಾವಿಯ ಜನಕ್ಕೆ ಇದು ಬರಿಯ ತರ್ಕದ ಪ್ರಶ್ನೆಯಲ್ಲ. ೨೦೨೨ರ ಆಗಸ್ಟ್ ೫ರಂದು ಜಾಧವ ನಗರದಲ್ಲಿ ಚಿರತೆಯೊಂದು ಕಾಣಿಸಿಕೊಂಡು ಕಟ್ಟಡದ ಕೆಲಸಗಾರನೊಬ್ಬನನ್ನು ಗಾಯಗೊಳಿಸಿತು. ಆಮೇಲೆ ಅದು ಗಾಲ್ಫ್ ಮೈದಾನದ ಗಿಡಗಂಟಿಗಳಲ್ಲಿ ಮರೆಯಾಯಿತು. ಬೋನುಗಳನ್ನಿಟ್ಟದ್ದಾಯಿತು, ಕ್ಯಾಮರಾಗಳನ್ನು ಕಟ್ಟಿದ್ದಾಯಿತು, ಡ್ರೋನು ಹಾರಿಸಿದ್ದಾಯಿತು. ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳೂ ಬಂದವು. ಸುತ್ತಲಿನ ಇಪ್ಪತ್ತಕ್ಕೂ ಮೇಲ್ಪಟ್ಟು ಶಾಲೆಗಳಿಗೆ ರಜೆ ಕೊಡಬೇಕಾಯಿತು. ವಾರಗಟ್ಟಲೆ ಹುಡುಕಿದರೂ ಪ್ರಾಣಿ ಸಿಕ್ಕಲಿಲ್ಲ. ಬಂದ ಹಾಗೆಯೇ ಹೊರಟುಹೋಯಿತು.

ನಮ್ಮ ಖಾಸಬಾಗ ಊರಿನ ಇನ್ನೊಂದು ತುದಿಗೆ ಇರುವುದು. ಗಾಲ್ಫ್ ಮೈದಾನಕ್ಕೂ ನಮಗೂ ನಡುವೆ ಇಡೀ ಪೇಟೆಯೇ ಇದೆ. ಆದರೂ ಆ ತಿಂಗಳು ಇಲ್ಲಿ ಮಗ್ಗದ ಸಪ್ಪಳಕ್ಕಿಂತ ಚಿರತೆಯ ಸುದ್ದಿಯೇ ಹೆಚ್ಚಾಗಿತ್ತು. ನಮ್ಮ ಬೆನ್ನಿಗೆ ವಡಗಾಂವ, ಅದರಾಚೆಗೆ ಬಳ್ಳಾರಿ ನಾಲೆಯ ಹೊಲಗಳು, ಅಲ್ಲಿಂದ ಮುಂದೆ ಯಳ್ಳೂರಿನ ಗುಡ್ಡ. ಗಾಲ್ಫ್ ಮೈದಾನಕ್ಕೆ ಬಂದದ್ದು ಇಲ್ಲಿಗೂ ಬಾರದೆಂದು ಯಾರು ಹೇಳಬೇಕು? ಚಹದ ಅಂಗಡಿಯಲ್ಲಿ ಕುಳಿತವರು ಕೊನೆಗೆ ಬಂದು ಮುಟ್ಟುತ್ತಿದ್ದ ತೀರ್ಮಾನ ಒಂದೇ: “ಹಿಡಿದು ಖಾನಾಪುರದ ಕಾಡಿಗೆ ಬಿಟ್ಟು ಬರಲಿ.” ಈ ಮಾತು ಎಷ್ಟು ಸಹಜವಾಗಿ ಬರುತ್ತಿತ್ತೆಂದರೆ, ಕೇಳಿದ ಯಾರೂ ಅದಕ್ಕೆ ಎದುರಾಡುತ್ತಿರಲಿಲ್ಲ. ನನಗೆ ಮಾತ್ರ ಅದು ಅಂದಿನಿಂದ ಇಂದಿನವರೆಗೆ ಗಂಟಲಲ್ಲಿ ಸಿಕ್ಕಿಕೊಂಡಿದೆ.

ಚಿರತೆ ಊರಿಗೆ ಏಕೆ ಬರುತ್ತದೆ ಎಂಬುದನ್ನು ಮೊದಲು ನೋಡೋಣ. ಮಹಾರಾಷ್ಟ್ರದ ಅಕೋಲೆ ತಾಲೂಕಿನಲ್ಲಿ ಕಬ್ಬಿನ ಗದ್ದೆಗಳ ನಡುವೆಯೇ ಚಿರತೆಗಳು ಮರಿಹಾಕಿ ಬದುಕುತ್ತವೆ. ವಿದ್ಯಾ ಆತ್ರೇಯ ಹಾಗೂ ಅವರ ಸಂಗಡಿಗರು ಅಲ್ಲಿ ಚಿರತೆಗಳ ಆಹಾರವನ್ನು ಪರೀಕ್ಷಿಸಿದರು. ಅವು ತಿಂದದ್ದರಲ್ಲಿ ತೂಕದ ಲೆಕ್ಕದಿಂದ ಶೇಕಡಾ ೮೭ರಷ್ಟು ಊರಿನ ಪ್ರಾಣಿಗಳೇ. ಅದರಲ್ಲಿಯೂ ನಾಯಿಗಳ ಪಾಲೇ ಶೇಕಡಾ ೩೯. ಎಂದರೆ ಚಿರತೆ ದಾರಿ ತಪ್ಪಿ ಬಂದ ಅತಿಥಿಯಲ್ಲ. ನಾವು ಬೀದಿಯಲ್ಲಿ ಬಡಿಸಿಟ್ಟ ಎಲೆಗೆ ಬಂದು ಕುಳಿತ ಉಣ್ಣುವವ. ಸಂತೆ ಎದ್ದ ಮೇಲೆ ಉಳಿದ ಕೊಳೆ, ಮಾಂಸದಂಗಡಿಯ ಹಿಂದಿನ ರಾಶಿ, ಮದುವೆಯ ಮನೆಯ ಎಂಜಲು — ಇವು ನಾಯಿಗಳನ್ನು ಬೆಳೆಸುತ್ತವೆ. ನಾಯಿಗಳು ಚಿರತೆಯನ್ನು ಕರೆಯುತ್ತವೆ. ಕಸವು ತುರಮುರಿಯ ಘಟಕಕ್ಕೆ ಹೋಗಿ ಮುಟ್ಟುವ ಮೊದಲು ಓಣಿಯ ಮೂಲೆಯಲ್ಲಿ ಎಷ್ಟು ಹೊತ್ತು ಬಿದ್ದಿರುತ್ತದೆ ಎಂಬುದರಲ್ಲಿಯೇ ಈ ಕಥೆಯ ಅರ್ಧ ಭಾಗ ಅಡಗಿದೆ.

ಇನ್ನರ್ಧ ಭಾಗ ಸರಪಳಿಯಲ್ಲಿದೆ. ಬೀದಿಯ ನಾಯಿಗೆ ಕಾಲಾದರೂ ಉಂಟು. ವಾಸನೆ ಹತ್ತಿದರೆ ಓಡುತ್ತದೆ, ಗುಂಪು ಕಟ್ಟಿ ಬೊಗಳುತ್ತದೆ. ಮನೆಯ ನಾಯಿಯನ್ನು ನಾವು ಅಂಗಳದ ಕಂಬಕ್ಕೆ ಮೂರು ಮೊಳದ ಸರಪಳಿಯಿಂದ ಬಿಗಿದು, ದೀಪ ಆರಿಸಿ, ಒಳಗೆ ಬಂದು ಅಗುಳಿ ಹಾಕಿಕೊಳ್ಳುತ್ತೇವೆ. ಅದು ನಮ್ಮ ಕಾವಲುಗಾರನಂತೆ! ಕಳ್ಳ ಬಂದರೆ ಬೊಗಳಿ ನಮ್ಮನ್ನು ಎಬ್ಬಿಸಬೇಕು. ಚಿರತೆ ಬಂದರೆ? ಓಡುವ ಹಕ್ಕನ್ನು ನಾವು ಕಿತ್ತುಕೊಂಡಿದ್ದೇವೆ. ಒಳಗೆ ಬರುವ ಹಕ್ಕನ್ನು ಕೊಟ್ಟಿಲ್ಲ. ಈ ಎರಡರ ನಡುವೆ ಮೂರು ಮೊಳದ ಜಾಗದಲ್ಲಿ ಒಂದು ಜೀವವನ್ನು ನಿಲ್ಲಿಸಿದ ಮೇಲೆ, ಅದರ ಸಾವಿಗೆ ಚಿರತೆ ಕಾರಣ ಎನ್ನುವುದು ನ್ಯಾಯವಾಗಲಾರದು. ಚಿರತೆ ಅದಕ್ಕೆ ಏನನ್ನೂ ಮಾತು ಕೊಟ್ಟಿರಲಿಲ್ಲ. ಕೊಟ್ಟವರು ನಾವು.

ನಾಯಿಗೂ ಮನುಷ್ಯನಿಗೂ ಒಂದು ಕರಾರಿದೆ ಎಂದರೆ ಕೆಲವರು ನಕ್ಕಾರು. ಆದರೆ ನಮ್ಮ ಹಿರಿಯರು ಅದನ್ನು ಕಲ್ಲಿನಲ್ಲಿ ಬರೆದಿಟ್ಟಿದ್ದಾರೆ. ಮದ್ದೂರು ತಾಲೂಕಿನ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. ೯೪೯ರ ಸುಮಾರಿನ ಶಾಸನವೊಂದಿದೆ. ಗಂಗರ ಬೂತುಗನ ಕಡೆಯ ಮಣಲೇರನೆಂಬ ವೀರ ತನ್ನ ಪರಾಕ್ರಮಕ್ಕೆ ಬಹುಮಾನವಾಗಿ ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಭೂಮಿಯನ್ನೂ ಬಿಟ್ಟರು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟುವುದೆಂಬ ಎಚ್ಚರಿಕೆಯೂ ಅದರಲ್ಲಿದೆ. ಸಾವಿರ ವರ್ಷಗಳ ಹಿಂದಿನ ಕನ್ನಡಿಗ ನಾಯಿಯ ಋಣವನ್ನು ತೀರಿಸದೆ ಉಣ್ಣಬಾರದೆಂದು ತಿಳಿದಿದ್ದ. ಅವನು ಹಂದಿಯನ್ನು ಬೈದು ಒಂದಕ್ಷರವನ್ನೂ ಕೊರೆಸಲಿಲ್ಲ ಎಂಬುದನ್ನೂ ಗಮನಿಸಬೇಕು.

ಪುಣ್ಯಕೋಟಿಯ ಕಥೆ ನಮ್ಮ ಮಕ್ಕಳೆಲ್ಲರಿಗೂ ಬಾಯಿಪಾಠ. ಅಲ್ಲಿ ಹಸು ಕೊಟ್ಟ ಮಾತಿಗೆ ತಪ್ಪಲಿಲ್ಲವೆಂದು ಹುಲಿಯೇ ಕರಗಿ ಪ್ರಾಣ ಬಿಡುತ್ತದೆ. ಕಥೆ ಬಹಳ ದೊಡ್ಡದು. ಆದರೆ ಅದರಿಂದ ನಾವು ಕಲಿತದ್ದು ಸ್ವಲ್ಪ ಅಡ್ಡದಾರಿಯದೇ ಎಂದು ನನ್ನ ಗುಮಾನಿ. ಹಸುವಿನಂತೆ ಮಾತಿಗೆ ನಿಲ್ಲಬೇಕೆಂಬುದನ್ನು ಬಿಟ್ಟು, ಹುಲಿ ನಾಚಿಕೊಳ್ಳಬೇಕೆಂಬುದನ್ನು ಮಾತ್ರ ಹಿಡಿದುಕೊಂಡಿದ್ದೇವೆ. ನಿಜವಾದ ಚಿರತೆಗೆ ನಾಚಿಕೆಯಿಲ್ಲ, ಇರಬೇಕಾಗಿಯೂ ಇಲ್ಲ. ಮಾತು, ನಾಚಿಕೆ, ಪಾಪ, ಪುಣ್ಯ — ಇವೆಲ್ಲ ನಮ್ಮ ಅಂಗಳದ ಒಳಗಿನ ಸಾಮಾನುಗಳು. ಅವುಗಳ ಲೆಕ್ಕವನ್ನು ಬೇಲಿಯಾಚೆಯ ಪ್ರಾಣಿಯ ಹತ್ತಿರ ಕೇಳುವುದು ಹೇಗೆ?

ಇನ್ನು ಖಾನಾಪುರದ ಮಾತಿಗೆ ಬರೋಣ. ಹಿಡಿದು ದೂರ ಬಿಡುವುದರಿಂದ ಆಗುವುದೇನೆಂಬುದಕ್ಕೆ ಪುಣೆ ಜಿಲ್ಲೆಯ ಜುನ್ನರ ಭಾಗದ ಅನುಭವ ನಮ್ಮ ಮುಂದಿದೆ. ಅಲ್ಲಿ ಹಳ್ಳಿಗಳ ಬಳಿಯ ಚಿರತೆಗಳನ್ನು ಹಿಡಿಹಿಡಿದು ಬೇರೆಡೆ ಬಿಟ್ಟರು. ೨೦೦೧ಕ್ಕೆ ಮೊದಲು ವರ್ಷಕ್ಕೆ ಸರಾಸರಿ ೪ ಇದ್ದ ಮನುಷ್ಯರ ಮೇಲಿನ ದಾಳಿಗಳು ೨೦೦೧ರಿಂದ ೨೦೦೩ರ ಅವಧಿಯಲ್ಲಿ ಸರಾಸರಿ ೧೭ಕ್ಕೆ ಏರಿದವು. ಗುರುತಿಲ್ಲದ ನೆಲದಲ್ಲಿ ಬಿಟ್ಟ ಪ್ರಾಣಿ ಗಾಬರಿಗೊಂಡು ಅಲೆಯುತ್ತದೆ. ಅದು ಬಿಟ್ಟುಹೋದ ಜಾಗಕ್ಕೆ ಇನ್ನೊಂದು ಬಂದು ಸೇರುತ್ತದೆ. ಒಂದು ಸಂಕಟ ಎರಡಾಗುತ್ತದೆ.

ಲಾಭನಷ್ಟದ ಈ ಲೆಕ್ಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಬೇರೊಂದು. “ಖಾನಾಪುರದ ಕಾಡು” ಎಂದು ನಾವು ಹೇಳುವಾಗ ಅಲ್ಲಿ ಬರಿಯ ಮರಗಳಿವೆಯೆಂದೇ ನಮ್ಮ ಭಾವನೆ. ೨೦೧೧ರಲ್ಲಿ ಅಭಯಾರಣ್ಯವಾದ, ಸುಮಾರು ೧೯೦ ಚದರ ಕಿಲೋಮೀಟರಿನ ಭೀಮಗಡದ ಒಳಗೆ ಊರುಗಳಿವೆ. ಅಲ್ಲಿಯೂ ಮಕ್ಕಳಿದ್ದಾರೆ, ದನಕರುಗಳಿವೆ, ನಾಯಿಗಳೂ ಇವೆ. ೨೦೨೪ರ ಜುಲೈ ತಿಂಗಳ ಮಳೆಯಲ್ಲಿ ಆಮಗಾಂವದ ರೋಗಿಯೊಬ್ಬರನ್ನು ಊರವರೇ ಹೆಗಲ ಮೇಲೆ ಹೊತ್ತು ಕಾಡಿನ ದಾರಿಯಲ್ಲಿ ಆಂಬುಲೆನ್ಸಿನವರೆಗೆ ತಂದ ಸುದ್ದಿಯನ್ನು ನಾವೆಲ್ಲ ಓದಿದೆವು. ೨೦೨೫ರಲ್ಲಿ ತಳೇವಾಡಿಯ ಕುಟುಂಬಗಳಿಗೆ ಊರು ಬಿಟ್ಟು ಹೊರಗೆ ಬರಲು ಸರಕಾರದ ಪರಿಹಾರದ ಹಣ ದೊರೆಯಿತು. ಕರಡಿ, ಚಿರತೆಗಳ ನಡುವೆ ಬದುಕುವ ಆ ಜನಕ್ಕೆ ಯಾರೂ ಆನೆ ತರಿಸಿದ್ದನ್ನು ನಾನು ಕಾಣೆ. ನಮ್ಮ ಊರಿಗೆ ಬಂದ ಒಂದು ಪ್ರಾಣಿಗಾಗಿ ಅಷ್ಟೆಲ್ಲ ಮಾಡಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಮಗೆ ಒಂದು ತಿಂಗಳ ಭಯವಾದದ್ದನ್ನು ಅವರಿಗೆ ನಿತ್ಯದ ಬಾಳ್ವೆಯಾಗಿ ಕೊಟ್ಟು ಬರಬೇಕೆನ್ನುವುದು ಸಭ್ಯರ ಮಾತಲ್ಲ. ಭಯವನ್ನು ಬಡವನ ಬಾಗಿಲಿಗೆ ಸಾಗಿಸುವುದಕ್ಕೆ ಪರಿಹಾರ ಎಂದು ಹೆಸರಿಡಬಾರದು.

ಇಂಥ ಪ್ರಶ್ನೆ ನಮ್ಮ ಒಬ್ಬರದೇ ಅಲ್ಲ. ಅಮೆರಿಕದಲ್ಲಿ ಕಯೋಟಿ ಎಂಬ ಪ್ರಾಣಿಯಿದೆ. ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಕಳೆದ ಶತಮಾನದಲ್ಲಿ ಅಲ್ಲಿಯ ಸರಕಾರವೇ ವಿಷವಿಟ್ಟು, ಬಲೆಯೊಡ್ಡಿ, ಗುಂಡಿಟ್ಟು ಲಕ್ಷಗಟ್ಟಲೆ ಕಯೋಟಿಗಳನ್ನು ಕೊಲ್ಲಿಸಿತು. ಫಲವೇನು? ಒಂದು ಕಾಲಕ್ಕೆ ಬಯಲುನಾಡಿಗೆ ಸೀಮಿತವಾಗಿದ್ದ ಪ್ರಾಣಿ ಈಗ ಶಿಕಾಗೊದಂಥ ಮಹಾನಗರಗಳ ನಡುವೆಯೇ ಸಂಸಾರ ಹೂಡಿದೆ. ಶಿಕಾಗೊದಲ್ಲಿ ೨೦೦೦ದಿಂದ ಈ ಪ್ರಾಣಿಗಳನ್ನು ವಿದ್ವಾಂಸರು ಅಭ್ಯಾಸ ಮಾಡುತ್ತ ಬಂದಿದ್ದಾರೆ. ಅವು ಹೆಚ್ಚಾಗಿ ತಿನ್ನುವುದು ಇಲಿಗಳು, ಮೊಲಗಳು, ಜಿಂಕೆ, ಹಣ್ಣು. ಸಾಕಿದ ಬೆಕ್ಕುನಾಯಿಗಳ ಪಾಲು ತೀರ ಅಲ್ಪ. ಆ ಅಲ್ಪ ಪಾಲನ್ನು ತಡೆಯಲು ಅಲ್ಲಿಯ ತಿಳಿದವರು ಹೇಳುವ ಉಪಾಯಗಳು ಸಾದಾ: ರಾತ್ರಿ ಬೆಕ್ಕುನಾಯಿಗಳನ್ನು ಒಳಗಿಡಿ, ಹೊರಗೆ ತಿನಿಸು ಬಿಡಬೇಡಿ, ಕಸದ ಡಬ್ಬಿ ಮುಚ್ಚಿ, ಬೇಲಿ ಗಟ್ಟಿ ಮಾಡಿ. ಬಂದೂಕಿನಿಂದ ಆಗದ್ದು ಬಾಗಿಲಿನಿಂದ ಆಗುತ್ತದೆ ಎಂಬುದು ಇದರ ಅರ್ಥ.

ಇಲ್ಲಿ ಎರಡು ಆಕ್ಷೇಪಣೆಗಳು ಏಳುತ್ತವೆ, ಎರಡೂ ಸರಿಯಾದವೇ. ಮೊದಲನೆಯದು: “ನಾಯಿಯ ಮಾತು ಇರಲಿ, ನಾಳೆ ಮಗುವಿನ ಮೇಲೆ ಬಿದ್ದರೆ?” ಮನುಷ್ಯನ ಜೀವದ ಪ್ರಶ್ನೆ ಬಂದಾಗ ನನ್ನ ವಾದವನ್ನು ಹಿಂದಕ್ಕಿಡುತ್ತೇನೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಮನುಷ್ಯನಿಗೆ ಅಪಾಯಕಾರಿಯಾದ ಪ್ರಾಣಿಯನ್ನು ಹಿಡಿಯಲು, ಅನಿವಾರ್ಯವಾದರೆ ಕೊಲ್ಲಲು ಕೂಡ, ಅಧಿಕಾರಿಗಳಿಗೆ ದಾರಿ ತೆರೆದಿಟ್ಟಿದೆ. ಆದರೆ ಆ ದಾರಿ ಕೊನೆಯದು. ಬೀದಿಯಲ್ಲಿ ಕಸ ಬಿಟ್ಟು, ಅಂಗಳದಲ್ಲಿ ನಾಯಿ ಕಟ್ಟಿ, ಚಿರತೆಗೆ ಮನೆಯ ದಾರಿ ತೋರಿಸಿ, ಆಮೇಲೆ ಕೊನೆಯ ದಾರಿಗೇ ನೇರವಾಗಿ ಹಾರುವುದು ಮಗುವಿನ ಮೇಲಿನ ಪ್ರೀತಿಯೂ ಅಲ್ಲ. ನಾಯಿಯನ್ನು ಒಳಗಿಟ್ಟವನು ಮಗುವನ್ನೂ ಕಾಪಾಡಿದ ಹಾಗೆ.

ಎರಡನೆಯದು ಇನ್ನೂ ಕಠಿಣವಾದದ್ದು: “ಒಂದು ಖೋಲಿಯಲ್ಲಿ ಮಗ್ಗ, ಅದರ ಮಗ್ಗುಲಲ್ಲಿ ಒಲೆ, ಉಳಿದ ಜಾಗದಲ್ಲಿ ಐದು ಜನ. ನಾಯಿಯನ್ನು ಎಲ್ಲಿ ಮಲಗಿಸುವುದು?” ಖಾಸಬಾಗದ ನೇಕಾರರ ಮನೆಗಳನ್ನು ಬಲ್ಲವರು ಈ ಮಾತನ್ನು ತಳ್ಳಿಹಾಕಲಾರರು. ಅಂಥ ಮನೆಗೆ ಬಾಗಿಲುಳ್ಳ ಒಂದು ಗಟ್ಟಿ ಗೂಡು ಸಾಕು. ಮೇಲೆ ತಗಡು, ಸುತ್ತ ಕಬ್ಬಿಣದ ಜಾಳಿಗೆ. ಒಬ್ಬನಿಂದ ಆಗದಿದ್ದರೆ ನಾಲ್ಕು ಮನೆಯವರು ಕೂಡಿ ಮಾಡಿಸಬಹುದು. ಗಣಪತಿಯ ಮಂಟಪಕ್ಕೆ ವರ್ಗಣಿ ಎತ್ತುವ ಓಣಿಗೆ ಇದು ಭಾರವಲ್ಲ. ಆದರೆ ಅಡ್ಡಿಯಿರುವುದು ಯಾವಾಗಲೂ ಜಾಗದ್ದೇ ಅಲ್ಲ. ಆರು ಖೋಲಿಯ ಬಂಗಲೆಯ ನಾಯಿಯೂ ಗೇಟಿನ ಬಳಿಯೇ ಮಲಗಿರುವುದನ್ನು ನೋಡಿದ್ದೇನೆ. ನನ್ನ ಮನೆಯ ನಾಯಿ ರಾತ್ರಿ ಪಡಸಾಲೆಯಲ್ಲಿ ಮಲಗುತ್ತದೆ. ಮನೆಗೆ ಬಂದ ಹಿರಿಯರೊಬ್ಬರು ಮೈಲಿಗೆಯಾಯಿತೆಂದು ಮೂಗು ಮುರಿದದ್ದುಂಟು. ರಾತ್ರಿಯೆಲ್ಲ ನಮ್ಮ ಕಳ್ಳರನ್ನು ಕಾಯುವ ಪ್ರಾಣಿಯಿಂದ ಮೈಲಿಗೆ. ಅದನ್ನು ಸಾಯಲು ಹೊರಗೆ ಬಿಟ್ಟರೆ ಮಡಿ! ಈ ಶಾಸ್ತ್ರವನ್ನು ಬರೆದವರು ಯಾರೋ ತಿಳಿಯದು.

ಬೀದಿಯ ನಾಯಿಗಳ ಮಾತೇನು? ಅವುಗಳಿಗೂ ನಾವು ಅರ್ಧ ಮಾತು ಕೊಟ್ಟಿದ್ದೇವೆ: ಎಂಜಲು ಹಾಕಿದ್ದೇವೆ, ಹೆಸರಿಟ್ಟು ಕರೆದಿದ್ದೇವೆ, ಮನೆಯೊಳಗೆ ಮಾತ್ರ ಕರೆದಿಲ್ಲ. ೨೦೨೫ರಲ್ಲಿ ಸುಪ್ರೀಂ ಕೋರ್ಟು ಬೀದಿನಾಯಿಗಳ ವಿಷಯವನ್ನು ಕೈಗೆತ್ತಿಕೊಂಡಾಗ ದೇಶವೆಲ್ಲ ಎರಡು ಪಕ್ಷವಾಗಿ ಜಗಳಾಡಿತು. ಒಬ್ಬರಿಗೆ ಮಕ್ಕಳ ಚಿಂತೆ, ಇನ್ನೊಬ್ಬರಿಗೆ ನಾಯಿಗಳ ಚಿಂತೆ. ಸಂತಾನಹರಣ ಚಿಕಿತ್ಸೆ, ಹುಚ್ಚಿನ ಲಸಿಕೆ, ಕಸದ ವಿಲೇವಾರಿ — ಈ ಮೂರನ್ನೂ ನಗರಸಭೆಗಳು ವರ್ಷವರ್ಷವೂ ಬಿಡದೆ ಮಾಡಿದ್ದರೆ ಜಗಳಕ್ಕೆ ಕಾರಣವೇ ಇರುತ್ತಿರಲಿಲ್ಲ. ಹತ್ತು ವರ್ಷದ ಸೋಮಾರಿತನವನ್ನು ಒಂದು ದಿನದ ಕಾಠಿಣ್ಯದಿಂದ ತೀರಿಸಿಬಿಡಬಹುದೆಂಬ ಆಸೆ ನಮ್ಮ ಸಾರ್ವಜನಿಕ ಜೀವನದ ಹಳೆಯ ರೋಗ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ನಮ್ಮನ್ನು ನೋಡಿಯೇ ಹುಟ್ಟಿರಬೇಕು.

ಸಾಕುವುದು ಎಂದರೆ ಅನ್ನ ಹಾಕುವುದೆಂದು ನಾವು ತಿಳಿದಿದ್ದೇವೆ. ಅದು ಅರ್ಧ ಮಾತ್ರ. ಒಂದು ಜೀವ ತನ್ನ ಕಾಲು, ತನ್ನ ಹಲ್ಲು, ತನ್ನ ಹೆದರಿಕೆಗಳಿಂದ ತನ್ನನ್ನು ಕಾಪಾಡಿಕೊಳ್ಳುತ್ತಿತ್ತು. ಆ ಸ್ವಾತಂತ್ರ್ಯವನ್ನು ನಾವು ತೆಗೆದುಕೊಂಡೆವು. ಬದಲಿಗೆ ನಮ್ಮ ಆಶ್ರಯವನ್ನು ಕೊಡುತ್ತೇವೆಂದೆವು. ಕೊಳ್ಳುವುದನ್ನು ಪೂರಾ ಕೊಂಡು, ಕೊಡುವುದನ್ನು ಸಂಜೆಯವರೆಗೆ ಮಾತ್ರ ಕೊಟ್ಟರೆ ಅದು ವ್ಯಾಪಾರದಲ್ಲಿಯೂ ಮೋಸವೇ. ಸರಪಳಿಗೆ ಎರಡು ತುದಿಗಳುಂಟು. ಒಂದು ನಾಯಿಯ ಕೊರಳಲ್ಲಿದ್ದರೆ ಇನ್ನೊಂದು ಕಂಬದಲ್ಲಿದೆ ಎಂದು ನಾವು ಎಣಿಸುತ್ತೇವೆ. ಅದಿರುವುದು ಕಟ್ಟಿದವನ ಕೈಯಲ್ಲಿ. ಕತ್ತಲಾದ ಮೇಲೆ ಅದನ್ನು ಬಿಚ್ಚಿ ಬಾಗಿಲು ತೆರೆಯುವುದಕ್ಕೆ ಕಾಯಿದೆ ಬೇಡ, ಆನೆ ಬೇಡ, ಖಾನಾಪುರವೂ ಬೇಡ.