ಸೈಲೆನ್ಸರಿನ ಪಾಠಾಂತರ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಜಯನಗರದ ಮನೆಯೊಂದನ್ನು ಬಿಟ್ಟರೆ ಹೆಸರಿಸತಕ್ಕದ್ದೆಂದರೆ 1969ರ ಒಂದು ಜಾವಾ ಮೋಟಾರ್ ಸೈಕಲ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಕೂಸು ಅದು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಏಕೆಂಬುದು ಬಾಲ್ಯದಲ್ಲಿ ನನಗೆ ದೊಡ್ಡ ಬೆರಗಾಗಿತ್ತು. ಕಳೆದ ವರ್ಷ ಆ ಎರಡೂ ತುಕ್ಕು ತಿಂದು ತೂತುಬಿದ್ದುವು. ಕಾರ್ಖಾನೆಯೋ 1996ರಲ್ಲಿಯೇ ಬಾಗಿಲು ಹಾಕಿದೆ. ಬನಶಂಕರಿಯ ಹಳೆಯ ಮೆಕ್ಯಾನಿಕ್ ಒಬ್ಬರು ಬಗ್ಗಿ ನೋಡಿ ಹೇಳಿದರು: “ಒರಿಜಿನಲ್ ಸಿಗಲ್ಲ ಸಾರ್. ಒರಿಜಿನಲ್ ಥರದ್ದು ಸಿಗತ್ತೆ.”

ಸೈಲೆನ್ಸರೆಂದರೆ ಸದ್ದಡಗಿಸುವ ಕೊಳವೆ ಮಾತ್ರವೆಂದು ನಾನು ತಿಳಿದಿದ್ದೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹಾಗಲ್ಲ. ಹೊಗೆ ಹೋಗುವ ದ್ವಾರಕ್ಕೆ ಅಲ್ಲಿ ಕವಾಟವಿಲ್ಲ. ತೆರೆಯುವುದೂ ಮುಚ್ಚುವುದೂ ಪಿಸ್ಟನ್ನೇ. ಆದುದರಿಂದ ಸುಟ್ಟ ಹೊಗೆಯ ಬೆನ್ನಿಗೆ ಸುಡದ ಪೆಟ್ರೋಲೂ ಹೊರಕ್ಕೆ ನುಗ್ಗುತ್ತದೆ. ಕೊಳವೆಯ ಉದ್ದವೂ ಒಳಗಿನ ಆಕಾರವೂ ಸರಿಯಾಗಿದ್ದರೆ ಒತ್ತಡದ ಅಲೆಯೊಂದು ಹಿಂದಿರುಗಿ ಅದನ್ನು ಒಳಕ್ಕೆ ತಳ್ಳುತ್ತದೆ. ಅಳತೆ ತಪ್ಪಿದರೆ ಗಾಡಿಯ ಕಸುವೂ ಹೋಯಿತು, ಪೆಟ್ರೋಲೂ ಪೋಲು. ಆಭರಣವೆಂದು ನಾವು ತಿಳಿದದ್ದು ಎಂಜಿನ್ನಿನ ಅಂಗವೇ ಸರಿ.

ಹೊಸ ಜೋಡಿ ಬಂದಿತು. ಥಳಥಳಿಸುವ ಕ್ರೋಮು. “ಜಾವಾ ಅಂತ ಮುದ್ರೆ ಹೊಡಿಸ್ಲಾ ಸಾರ್? ಯಾರಿಗೂ ಗೊತ್ತಾಗಲ್ಲ.” ನಾನು ಬೇಡವೆನ್ನಲಿಲ್ಲ. ಮನೆಗೆ ತಂದರೆ ತಾಯಿಯವರು ಒಳಗಿನಿಂದಲೇ “ಯಾರ ಗಾಡಿಯೋ ಅದು?” ಎಂದರು. ಆ ಹಳೆಯ ಸದ್ದು ತಿರುವಿನಲ್ಲಿ ಕೇಳಿಸಿದೊಡನೆ ಕಾಫಿಗೆ ಹಾಲಿಡುತ್ತಿದ್ದವರು ಅವರು. ಕಿವಿಗೆ ಮುದ್ರೆ ಕಾಣಿಸುವುದಿಲ್ಲವಷ್ಟೆ!

ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ, ಯೆಜ್ಡಿ ಗಾಡಿಗಳವರು ಒಂದೆಡೆ ಸೇರುವ ಪದ್ಧತಿಯುಂಟು. ಅಲ್ಲಿ ಜೆ.ಪಿ. ನಗರದ ಹುಡುಗನೊಬ್ಬ ಮಂಡಿಯೂರಿ ಮುದ್ರೆಯನ್ನು ನೋಡಿ, “ಒರಿಜಿನಲ್ಲಾ ಸಾರ್?” ಎಂದ. “ಹೂಂ” ಎಂದೆ. ಕೂಡಲೆ ಆತ ಟೇಪು ತೆಗೆದು ಅಳೆಯತೊಡಗಿದ. ತಾತನ ಗಾಡಿಯನ್ನು ಮೊದಲಿನಂತೆ ಮಾಡಿಸುತ್ತಿದ್ದಾನಂತೆ; ಅದಕ್ಕೆ ನನ್ನದೇ ಮಾದರಿಯಂತೆ.

ಎಷ್ಟೋ ಸಮಾಧಾನ ಹೇಳಿಕೊಂಡೆ. ಮೈಸೂರಿನ ಜಾವಾ ಕೂಡ ಜೆಕ್ ಗಾಡಿಯ ಪಡಿಯಚ್ಚೇ ಅಲ್ಲವೆ? ಟಯರು, ಚೈನು, ಸೀಟುಗಳನ್ನು ತಂದೆಯವರೇ ಎಷ್ಟು ಸಲ ಬದಲಾಯಿಸಲಿಲ್ಲ? ಅವರನ್ನು ಯಾರೂ ಸುಳ್ಳುಗಾರರೆನ್ನಲಿಲ್ಲವಲ್ಲ! ಆದರೆ ಮೈಸೂರಿನವರು ಪರವಾನಗಿ ಪಡೆದು ಮಾಡಿದರು. 1973ರಿಂದ ಯೆಜ್ಡಿ ಎಂದು ಬೇರೆ ಹೆಸರನ್ನೇ ಇಟ್ಟರು. ತಂದೆಯವರು ಹೊಸ ಟಯರನ್ನು ಹಳೆಯದೆಂದು ಹೇಳಲಿಲ್ಲ. ಹೊಸ ತಗಡಿನಲ್ಲಿ ದೋಷವಿರಲಿಲ್ಲ, ಆ “ಹೂಂ”ಕಾರದಲ್ಲಿತ್ತು.

ಅದೂ ನನ್ನ ಕಸುಬಿನವನ ಬಾಯಲ್ಲಿ. ಓಲೆಗರಿಯ ಕಾವ್ಯವನ್ನು ಸಂಪಾದಿಸುವವರು ಹುಳು ತಿಂದ ಅಕ್ಷರವನ್ನು ಊಹಿಸಿ ತುಂಬುವುದುಂಟು. ತುಂಬಿದ್ದನ್ನು ಕಂಸದೊಳಗೆ ಹಾಕುತ್ತಾರೆ. ಕಂಸವಿಲ್ಲದೆ ತುಂಬಿದರೆ ಮುಂದೆ ನಕಲು ಮಾಡುವವನು ಅದನ್ನೇ ಕವಿಯ ಮಾತೆಂದು ನಂಬುತ್ತಾನೆ. ಅವನ ಪ್ರತಿಯಿಂದ ಹತ್ತು ಪ್ರತಿಗಳಾಗುತ್ತವೆ. ಎಂ.ಎ. ತರಗತಿಯಲ್ಲಿ ಇದನ್ನು ಪ್ರತಿವರ್ಷವೂ, ತಕ್ಕಮಟ್ಟಿನ ಗಾಂಭೀರ್ಯದಿಂದಲೇ, ಹೇಳುತ್ತ ಬಂದಿದ್ದೇನೆ.

ಮೆಕ್ಯಾನಿಕ್ ಮೂಲಕ ಹುಡುಗನನ್ನು ಹುಡುಕಿಸಿ ಹೇಳಿಕಳುಹಿಸಿದೆ. ಸದ್ಯ, ತಗಡು ಇನ್ನೂ ಕತ್ತರಿಸಿಲ್ಲವಂತೆ. ಭಾನುವಾರ ಬರುತ್ತಾನೆ. ತುಕ್ಕು ತಿಂದ ಹಳೆಯ ಜೋಡಿಯನ್ನು ಅಟ್ಟದಿಂದ ಇಳಿಸಿಟ್ಟಿದ್ದೇನೆ. ಅಳೆಯುವುದಾದರೆ ಅದನ್ನು ಅಳೆಯಲಿ. ಹೊಸದರ ಮುದ್ರೆಯನ್ನು ಅರದಿಂದ ಉಜ್ಜಿಸಬೇಕೆಂದಿದ್ದೇನೆ. ಕ್ರೋಮು ಹೋಗಿ ಕಲೆ ಉಳಿಯುತ್ತದೆಂದು ಮೆಕ್ಯಾನಿಕ್ ಎಚ್ಚರಿಸಿದ್ದಾರೆ.