ರಿನೋವೇಶನ್ ಎಂದರೆ ಕೆಡವುವುದಲ್ಲ



ದೇವಾಲಯಕ್ಕೆ ಹೊಸ ಟೈಲ್ಸ್ ಹಾಕಿಸಿದರೆ ನಾವು ‘ರಿನೋವೇಶನ್’ ಎನ್ನುತ್ತೇವೆ. ಅಜ್ಜ ಕಟ್ಟಿಸಿದ ಹೆಂಚಿನ ಮನೆಯನ್ನು ನೆಲಸಮ ಮಾಡಿ ಎರಡು ಮಹಡಿ ಎಬ್ಬಿಸಿದರೂ ರಿನೋವೇಶನ್ ಎನ್ನುತ್ತೇವೆ! ಎರಡನೆಯದಕ್ಕೆ ಆ ಹೆಸರು ಸಲ್ಲದು. ಈ ಇಂಗ್ಲಿಷ್ ಪದದ ಬೇರು ಲತೀನ್ ಭಾಷೆಯಲ್ಲಿದೆ. ‘ನೋವುಸ್’ ಎಂದರೆ ಹೊಸತು, ‘ರೆ’ ಎಂದರೆ ಮತ್ತೆ. ಇರುವುದನ್ನೇ ಮತ್ತೆ ಹೊಸದಾಗಿಸುವುದು ಅದರ ಅರ್ಥ. ನಮ್ಮ ‘ಜೀರ್ಣೋದ್ಧಾರ’ವೂ ಅದೇ, ಸವೆದದ್ದನ್ನು ಮೇಲೆತ್ತುವುದು.

ಶ್ರೀಸಭೆಗೆ ಈ ಪದ ಹಳೆಯ ನೆಂಟ. ಪವಿತ್ರಾತ್ಮರು ನಮ್ಮನ್ನು ನೂತನಗೊಳಿಸುವರೆಂದು ಸಂತ ಪೌಲರು ತೀತನಿಗೆ ಬರೆದ ಪತ್ರದಲ್ಲಿ (3:5) ಹೇಳುವಲ್ಲಿ ಲತೀನ್ ಬೈಬಲ್ ಬಳಸುವುದು ಈ ಪದವನ್ನೇ. ಪಾಸ್ಖ ಜಾಗರಣೆಯ ರಾತ್ರಿ ಮೇಣದಬತ್ತಿ ಹಿಡಿದು ನಾವು ಸ್ನಾನದೀಕ್ಷೆಯ ವಾಗ್ದಾನಗಳನ್ನು ನವೀಕರಿಸುತ್ತೇವಲ್ಲ, ಅದಕ್ಕೂ ಲತೀನಿನಲ್ಲಿ ಇದೇ ಹೆಸರು. ಅಂದು ನಮಗೆ ಯಾರೂ ಎರಡನೆಯ ಸಲ ಸ್ನಾನದೀಕ್ಷೆ ಕೊಡುವುದಿಲ್ಲ. ಅದು ಜೀವನದಲ್ಲಿ ಒಂದೇ ಸಲ. ನಾವು ಎಷ್ಟೇ ಕೆಟ್ಟರೂ ದೇವರು ಹಾಕಿದ ಆ ಅಡಿಪಾಯ ಅಳಿಯುವುದಿಲ್ಲ. ಕುಸಿದದ್ದು ಅದರ ಮೇಲಿನ ಗೋಡೆ.

ಗೋಡೆ ಎಂದಾಗ ಅಸ್ಸಿಸಿಯ ಸಂತ ಫ್ರಾನ್ಸಿಸರು ನೆನಪಾಗುತ್ತಾರೆ. ಸುಮಾರು 1205ರಲ್ಲಿ, ಊರ ಹೊರಗಿನ ಸಂತ ದಮಿಯಾನರ ಪಾಳುಬಿದ್ದ ದೇವಾಲಯದಲ್ಲಿ ಪ್ರಾರ್ಥಿಸುತ್ತಿದ್ದಾಗ, ಬೀಳುತ್ತಿರುವ ತನ್ನ ಮನೆಯನ್ನು ಸರಿಪಡಿಸೆಂದು ಶಿಲುಬೆಯ ಮೇಲಿನ ಪ್ರಭು ಅವರಿಗೆ ಹೇಳಿದರು. ತರುಣ ಅವಸರಪಟ್ಟ. ತಂದೆಯ ಅಂಗಡಿಯ ಬಟ್ಟೆಯನ್ನು ಫೊಲಿನ್ಯೊ ಪಟ್ಟಣಕ್ಕೆ ಒಯ್ದು, ಏರಿಹೋದ ಕುದುರೆಯನ್ನೂ ಸೇರಿಸಿ ಮಾರಿ, ಹಣ ತಂದು ಗುರುಗಳ ಮುಂದಿಟ್ಟ. ಆ ಬಡ ಗುರುಗಳು ಹುಡುಗನ ಮನೆಯವರಿಗೆ ಹೆದರಿ ಹಣವನ್ನು ಮುಟ್ಟಲೇ ಇಲ್ಲ! ಕಿಟಕಿಯ ಮೇಲೆ ಬಿದ್ದಿದ್ದ ಆ ಹಣ ಕೊನೆಗೆ ತಂದೆಗೇ ಹಿಂದಿರುಗಿತು. 1206ರಲ್ಲಿ ಧರ್ಮಾಧ್ಯಕ್ಷರ ಎದುರು ಫ್ರಾನ್ಸಿಸರು ಮೈಮೇಲಿನ ಬಟ್ಟೆಯನ್ನೂ ತಂದೆಗೆ ಒಪ್ಪಿಸಿಬಿಟ್ಟರು.

ನನಗೆ ಆ ಗುರುಗಳ ಮೇಲೆ ಬಹಳ ಗೌರವ. ದೇವಾಲಯದ ಮಾಡು ಸೋರುತ್ತಿದ್ದರೂ, ಒಂದು ಮನೆಯನ್ನು ಒಡೆದು ಬಂದ ಹಣ ಅವರಿಗೆ ಬೇಡವಾಯಿತು. ನಾವೋ? ಸಾಲ ಮಾಡಿ ಮನೆಗೆ ಹೊಸ ಬಣ್ಣ ಬಳಿಸುತ್ತೇವೆ, ಗುರುಗಳನ್ನು ಕರೆಸಿ ಆಶೀರ್ವಾದವನ್ನೂ ಮಾಡಿಸುತ್ತೇವೆ. ಪಾಲಿನ ವಿಷಯದಲ್ಲಿ ಮುನಿದ ಅಣ್ಣನಿಗೆ ಮಾತ್ರ ಅಂದು ಕರೆ ಹೋಗುವುದಿಲ್ಲ. ಹೊಸ ನಕ್ಷೆಯಲ್ಲಿ ಕಾರಿಗೆ ಜಾಗವಿದೆ, ಅಮ್ಮನ ಹಳೆಯ ಮಂಚಕ್ಕಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ಕಳೆದ ದಂಪತಿಗಳು ಒಂದೇ ಸೂರಿನಡಿ ಮಾತಿಲ್ಲದೆ ಬಾಳುತ್ತಾ, ಇನ್ನು ಇದರಲ್ಲಿ ಏನೂ ಉಳಿದಿಲ್ಲ ಎನ್ನುತ್ತಾರೆ. ಪೀಠದ ಮುಂದೆ ಅಂದು ಕೊಟ್ಟ ಮಾತು ಉಳಿದಿದೆಯಲ್ಲ! ಅಲ್ಲಿಂದಲೇ ಒಂದು ಕಲ್ಲನ್ನು ಎತ್ತಿಡಬಾರದೇ?

ಫ್ರಾನ್ಸಿಸರು ಆ ದೇವಾಲಯವನ್ನು ಕೆಡವಲಿಲ್ಲ. ಬಟ್ಟೆ ವ್ಯಾಪಾರಿಯ ಶ್ರೀಮಂತ ಮಗನೆಂದು ಎಲ್ಲರೂ ಬಲ್ಲ ಅಸ್ಸಿಸಿಯ ಬೀದಿಗಳಲ್ಲೇ ಕಲ್ಲು ಬೇಡಿದರು. ಕೆಲವರು ನಕ್ಕರು. ಸಿಕ್ಕ ಕಲ್ಲನ್ನು ಹೆಗಲ ಮೇಲೆ ಹೊತ್ತು, ಗೋಡೆ ಕುಸಿದಿದ್ದಲ್ಲಿ ತಾವೇ ಇಟ್ಟರು.